ಬಸ್ಸಮ್ಮನ ಹತ್ತಿರ ಬಾಕಿ ಇದ್ದ ದ್ವೀಪ

ಸುನೀಲಕುಮಾರನಿಗೆ ಕಡತ ತೆರೆಯದೆ ಯಾವ ಕೆಲಸವನ್ನೂ ಮಾಡಲು ಬರುವುದಿಲ್ಲ ಎಂಬುದು ಪರಿಮಳಾಗೆ ಮದುವೆಯಾದ ಮೂರನೇ ತಿಂಗಳಿಗೇ ಗೊತ್ತಾಗಿತ್ತು. ಗ್ಯಾಸ್ ಸಂಪರ್ಕಕ್ಕೊಂದು ಕಡತ, ಮಗಳು ಪಂಚಶೀಲಾಳ ಹಲ್ಲಿನ ತಂತಿಗೊಂದು ಕಡತ, ಅಂಗಳದ ಬೇವಿನ ಕೊಂಬೆ ಪಕ್ಕದ ಮನೆಯ ತಗಡಿನ ಮೇಲೆ ಬಾಗಿದ್ದಕ್ಕೂ ಒಂದು ಕಡತ. ಯಾದಗಿರಿಯ ಸರ್ಕಾರಿ ಕಚೇರಿಯೊಂದರಲ್ಲಿ ಹದಿನಾರು ವರ್ಷದಿಂದ ಪ್ರಥಮ ದರ್ಜೆ ಸಹಾಯಕನಾಗಿದ್ದ ಅವನು ಬೆಳಿಗ್ಗೆ ಶಹಾಪುರದಲ್ಲಿ ಬಸ್ಸು ಹತ್ತುವ ಮುಂಚೆ ಮನೆಯ ಕಡತಗಳನ್ನು ಕಪಾಟಿನಲ್ಲಿಟ್ಟು ಹೋಗುತ್ತಿದ್ದ. ಸಂಜೆ ಕಚೇರಿಯ ಕಡತಗಳಿಂದ ಬಿಡುಗಡೆಯಾಗಿ ಬಂದವನು ಚಹಾ ಕುಡಿದು ಮತ್ತೆ ಕಪಾಟು ತೆಗೆಯುತ್ತಿದ್ದ.

ಆದ್ದರಿಂದ ಫೆಬ್ರುವರಿಯ ಮೊದಲ ಭಾನುವಾರ, ಬಾಬಾಸಾಹೇಬರ ಫೋಟೊದ ಕೆಳಗೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಅವನು ಹೊಸದೊಂದು ಕಡತ ಬಿಚ್ಚಿದಾಗ ಪರಿಮಳಾ ನಗಲಿಲ್ಲ. ರಟ್ಟಿನ ಮೇಲೆ ದುಂಡಗೆ ಬರೆದಿತ್ತು: "ವಿಷಯ: ಏಪ್ರಿಲ್ ರಜೆಯಲ್ಲಿ ಕುಟುಂಬದ ದ್ವೀಪ ವಾಸ (ನಾಲ್ಕು ರಾತ್ರಿ), ಅಂಡಮಾನ್. ಕಡಿಮೆ ಖರ್ಚಿನಲ್ಲಿ." ಕಡತಕ್ಕೆ ರಟ್ಟು ಬಿತ್ತೆಂದರೆ ಗಂಡ ಮನಸ್ಸು ಮಾಡಿದ್ದಾನೆ ಎಂದರ್ಥ.

ಪರಿಮಳಾ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಹನ್ನೊಂದು ವರ್ಷಗಳಿಂದ ಪ್ರತಿ ವರ್ಷವೂ ಮಕ್ಕಳಿಗೆ "ನಾಲ್ಕೂ ಕಡೆ ನೀರಿನಿಂದ ಸುತ್ತುವರಿದ ಭೂಭಾಗವೇ ದ್ವೀಪ" ಎಂದು ಹೇಳಿಕೊಡುತ್ತ ಬಂದಿದ್ದಾಳೆ. ಹೇಳುವಾಗ ನೀಲಿ ಸೀಮೆಸುಣ್ಣದಿಂದ ಬೋರ್ಡಿನ ಮೇಲೆ ಒಂದು ವೃತ್ತ ಬರೆಯುತ್ತಾಳೆ. ಅವಳು ಕಣ್ಣಾರೆ ಕಂಡ ಅತಿ ದೊಡ್ಡ ನೀರೆಂದರೆ ನಾರಾಯಣಪುರದ ಜಲಾಶಯ. ಸಮುದ್ರ ನೋಡಿಲ್ಲ. ಈ ಪ್ರವಾಸದ ಮಾತು ಎತ್ತಿದ್ದೂ ಇದೇ ಮೊದಲಲ್ಲ. ಒಂದು ಬೇಸಿಗೆ ರಜೆ ಚುನಾವಣಾ ಕೆಲಸಕ್ಕೆ ಹೋಯಿತು. ಇನ್ನೊಂದು, ವಡಗೇರಾದಲ್ಲಿರುವ ಮೈದುನ ಹಣಮೇಶನ ಮದುವೆಗೆ. ಮುಂದಿನ ಬೇಸಿಗೆಗೆ ಪಂಚಶೀಲಾಗೆ ಹತ್ತನೆಯ ತರಗತಿಯ ವಿಶೇಷ ಪಾಠ ಶುರುವಾಗುತ್ತದೆ. ಹೋದರೆ ಈ ಏಪ್ರಿಲ್‌ನಲ್ಲಿ ಹೋಗಬೇಕು. ಇಲ್ಲವಾದರೆ ನೀಲಿ ಸೀಮೆಸುಣ್ಣವೇ ಗತಿ.

ಸುನೀಲಕುಮಾರ ಓದಿದ. ಯಾದಗಿರಿಯಿಂದ ಚೆನ್ನೈಗೆ ರೈಲು, ಅಲ್ಲಿಂದ ವಿಮಾನ, ಆಮೇಲೆ ಸರ್ಕಾರಿ ಹಡಗು. ದೊಡ್ಡ ಹೋಟೆಲುಗಳ ದರ ಕೇಳಿ ಅವುಗಳನ್ನು "ಪರಿಗಣಿಸಲಾಗಿಲ್ಲ" ಎಂಬ ಒಂದೇ ಪದದಲ್ಲಿ ಮುಗಿಸಿದ್ದ. ಆರಿಸಿದ್ದು ಶೆಫಾಲಿ ಎಂಬಾಕೆಯ ಮನೆ. ಚಿಕ್ಕ ದ್ವೀಪ, ಮನೆಯ ಹಿಂದೆ ಎರಡು ಕೋಣೆ, ಒಂದಕ್ಕೆ ದಿನಕ್ಕೆ ಸಾವಿರದ ಇನ್ನೂರು, ಅಡುಗೆಮನೆ ನಾವೂ ಬಳಸಬಹುದು. ಸಮುದ್ರಕ್ಕೆ ನಾಲ್ಕು ನಿಮಿಷದ ನಡಿಗೆ. ಕೋಣೆಗಳನ್ನು ಆಕೆ ಮುಂದಿನ ಭಾನುವಾರ ಸಂಜೆ ಆರರ ತನಕ ಮಾತ್ರ ಹಿಡಿದಿಡುತ್ತಾಳೆ.

"ಎಲ್ಲಕ್ಕಿಂತ ಮುಖ್ಯ ಏನಂದ್ರ, ಶಾಂತ ಅದ" ಎಂದು ಸುನೀಲಕುಮಾರ ಕನ್ನಡಕದ ಮೇಲಿಂದ ಎಲ್ಲರನ್ನೂ ನೋಡಿದ. "ಗದ್ಲ ಇಲ್ಲ, ಗಲಾಟಿ ಇಲ್ಲ. ಎಲ್ಲರೂ ಅದನ್ನೇ ಹೊಗಳ್ಯಾರ. ಪುಟ ಏಳರಿಂದ ಹನ್ನೆರಡು."

ಇನ್ನು ನಿಯಮದಂತೆ ಟಿಪ್ಪಣಿ ಹಾಳೆಯಲ್ಲಿ ಐವರೂ ಅಭಿಪ್ರಾಯ ಬರೆದು ಸಹಿ ಹಾಕಬೇಕು. ಒಬ್ಬರು ಒಪ್ಪದಿದ್ದರೂ ಪ್ರವಾಸವಿಲ್ಲ. ಇದು ಮದುವೆಯ ಮುಂಚಿನಿಂದಲೂ ಬಂದ ಪದ್ಧತಿ. ಒಮ್ಮೆ ಅಪ್ಪ ಯಾರನ್ನೂ ಕೇಳದೆ ಎಮ್ಮೆ ತಂದು, ಅದು ಯಾರ ಕೈಗೂ ಹಾಲು ಬಿಡದೆ ಇದ್ದಾಗ ಸುನೀಲಕುಮಾರ ಜಾರಿಗೆ ತಂದದ್ದು.

ಪಂಚಶೀಲಾ ಮೊದಲು ಬರೆದಳು: "ಒಪ್ಪಿದೆ. ಆದರೆ ನೆಟ್‌ವರ್ಕ್ ಬಗ್ಗೆ ಸ್ಪಷ್ಟೀಕರಣ ಬೇಕು." ಪರಿಮಳಾ "ಒಪ್ಪಿದೆ" ಎಂದಷ್ಟೇ ಬರೆದಳು, ಬರೆಯುವಾಗ ಕೈ ಸ್ವಲ್ಪ ಜೋರಾಗಿಯೇ ಒತ್ತಿತು. ಮಾವ ಅಂಬ್ರಪ್ಪ, ಮೂರು ಎಕರೆ ತೊಗರಿ ಹೊಲದ ಒಡೆಯ, ಮನೆಯ ಹಿರಿಯನೆಂಬ ಕಾರಣಕ್ಕೆ ಅವನಿಗೆಂದೇ ತಂದಿಟ್ಟ ಹಸಿರು ಪೆನ್ನಿನ ಟೋಪಿ ತೆಗೆದು, "ಎಲ್ಲರೂ ಹೊಂಟ್ರ ನಾನೂ" ಎಂದು ಬರೆದ. ಹಸಿರು ಶಾಯಿಯಲ್ಲಿ ಸಹಿ ಹಾಕುವುದು ದೊಡ್ಡ ಸಾಹೇಬರು ಮಾತ್ರ ಎಂದು ಮಗ ಹೇಳಿದಂದಿನಿಂದ ಅವನಿಗೆ ಸಹಿಯ ಮೇಲೆ ಅಕ್ಕರೆ ಹೆಚ್ಚಾಗಿತ್ತು.

ಕಡತ ಬಸ್ಸಮ್ಮನ ತೊಡೆಯ ಮೇಲೆ ಬಂತು. ಅಲ್ಲಿಯೇ ನಿಂತಿತು.

ಬಸ್ಸಮ್ಮ, ಸುನೀಲಕುಮಾರನ ತಾಯಿ, ನಾಲ್ಕನೇ ಇಯತ್ತೆ ತನಕ ಓದಿದವಳು. ಆದರೆ ಓಣಿಯ ಮಹಿಳಾ ಸಂಘಕ್ಕೆ ಆರು ವರ್ಷ ಅಧ್ಯಕ್ಷೆಯಾಗಿದ್ದು, ಕಾಗದ ಪೂರ್ತಿ ಓದಿಸಿ ಕೇಳದೆ ಒಮ್ಮೆಯೂ ಸಹಿ ಹಾಕಿದವಳಲ್ಲ. ಸಹಿ ಹಾಕುವುದಕ್ಕಿಂತ ಹಾಕದೆ ಇರುವುದರಲ್ಲಿ ಎಷ್ಟು ಬಲವಿದೆ ಎಂಬುದು ಆ ಮನೆಯಲ್ಲಿ ಗುಮಾಸ್ತನಾದ ಮಗನಿಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು.

"ದ್ವೀಪ ಅಂದ್ರ ಏನಪಾ?" ಎಂದಳು.

"ಸುತ್ತ ನೀರಿರ್ತದ ಯವ್ವ, ನಡುವ ಊರು."

"ಅಂದ್ರ ಗಡ್ಡಿ."

"ಗಡ್ಡಿ ಹೌದು. ಆದ್ರ ಸಮುದ್ರದಾಗಿಂದು."

ಬಸ್ಸಮ್ಮ ಕಡತ ಮುಚ್ಚಿದಳು. "ನಾ ಹುಟ್ಟಿದ್ದು ಗಡ್ಡ್ಯಾಗ. ಹೊಳಿ ಬಂದಾಗೆಲ್ಲ ಗಂಟುಮೂಟಿ ಕಟ್ಟಿ ಕಟ್ಟಿ ಸಾಕಾಗಿ, ದಂಡಿಮ್ಯಾಗಿನ ಊರಿಗೇ ಕೊಡ್ರಿ ಅಂತ ಹಟ ಹಿಡದು ನಿಮ್ಮಪ್ಪನ್ನ ಲಗ್ನ ಆದೆ. ಈಗ ರೊಕ್ಕ ಕೊಟ್ಟು ಗಡ್ಡಿಗೆ ಹೋಗಂತೀಯೇನು?"

"ನನ್ನ ನೋಡಿ ಆದಿ ಅಂದ್ಕೊಂಡಿದ್ದೆ" ಎಂದ ಅಂಬ್ರಪ್ಪ.

"ನಿನ್ನ ನೋಡಿದ್ದು ಆಮ್ಯಾಲ. ಮೊದಲ ನಿನ್ನ ಊರು ನೋಡಿದೆ. ದಿನ್ನಿಮ್ಯಾಗ ಇತ್ತು."

ಕೃಷ್ಣೆಯ ನಡುವಿನ ನಡುಗಡ್ಡೆಗಳಿಗೆ ಆ ಕಡೆ ಗಡ್ಡಿ ಎಂದೇ ಹೆಸರು. ತಿಂಥಣಿಯಿಂದ ಹೊಳೆಗುಂಟ ಕೆಳಗೆ ಹೋದರೆ ಸಿಗುವ ಅಂಥದೊಂದು ಸಣ್ಣ ಗಡ್ಡಿಯಲ್ಲಿ ಬಸ್ಸಮ್ಮ ಹುಟ್ಟಿದ್ದಳು. ಅಲ್ಲಿಯ ರೂಢಿಯೊಂದು ಅವಳನ್ನು ಇಂದಿಗೂ ಬಿಟ್ಟಿಲ್ಲ. ದಂಡೆಯಲ್ಲಿ ಹರಗೋಲು ಹತ್ತುವವರು ಮೊದಲು ಗಡ್ಡಿಯ ಕಡೆಗೆ ಕೂಗಿ "ಏನು ಬೇಕು" ಎಂದು ಕೇಳಬೇಕು. ಉಪ್ಪೋ, ಬೆಂಕಿಪೊಟ್ಟಣವೋ, ಯಾರದೋ ಔಷಧವೋ, ತೆಗೆದುಕೊಂಡೇ ದಾಟಬೇಕು. ಈಗಲೂ ವಡಗೇರಾದಿಂದ ಹಣಮೇಶ ಫೋನ್ ಮಾಡಿದರೆ ಅವಳು ಹೇಗಿದ್ದೀ ಎನ್ನುವ ಮುಂಚೆ "ಅಲ್ಲೇನು ಸಿಗವಲ್ದು?" ಎನ್ನುತ್ತಾಳೆ. ವಡಗೇರಾ ತಾಲ್ಲೂಕು ಕೇಂದ್ರ, ಎಲ್ಲವೂ ಸಿಗುತ್ತದೆ ಎಂದು ಅವನು ಎಷ್ಟು ಹೇಳಿದರೂ ಪ್ರಯೋಜನವಾಗಿಲ್ಲ.

ಸೋಮವಾರ ಸುನೀಲಕುಮಾರ ತಾಯಿಯ ಆಕ್ಷೇಪಣೆಗಳನ್ನು ಬರೆದುಕೊಂಡ. ಎತ್ತರದ ಜಾಗ ಎಲ್ಲಿದೆ? ಹಡಗು ನಡೆಸುವವನು ಕುಡಿಯುತ್ತಾನೆಯೇ? ಹಿಟ್ಟಿನ ಗಿರಣಿ ಎಷ್ಟು ದೂರ? ಮಂಗಳವಾರ ಮೂರಕ್ಕೂ ಉತ್ತರ ತಂದ. ಎರಡನೆಯದಕ್ಕೆ "ಸರ್ಕಾರಿ ನೌಕರನಾದ್ದರಿಂದ ಕುಡಿಯಲು ಅವಕಾಶವಿಲ್ಲ" ಎಂದು ಬರೆದಿದ್ದ.

"ನಿಮ್ಮ ಆಫೀಸಿನ ಡ್ರೈವರ್ ಹುಲಗಪ್ಪ ಸರ್ಕಾರಿ ನೌಕರ ಅಲ್ಲೇನು?" ಎಂದಳು ಬಸ್ಸಮ್ಮ. ಉತ್ತರ ತೃಪ್ತಿಕರವಾಗಿಲ್ಲವೆಂದು ಕಡತ ಹಿಂದೆ ಬಂತು.

ಬುಧವಾರ ಅವನು ಬಣ್ಣದ ಚಿತ್ರಗಳನ್ನು ಮುದ್ರಿಸಿ ತಂದ. ಒಂದೊಂದಕ್ಕೆ ಇಪ್ಪತ್ತು ರೂಪಾಯಿ ಕೊಟ್ಟು, ಅದರ ರಸೀದಿಯನ್ನೂ ಕಡತಕ್ಕೆ ಸೇರಿಸಿದ. ಬಿಳಿ ಮರಳು, ಹಸಿರು ನೀರು, ಎರಡು ತೆಂಗಿನ ಮರಗಳ ನಡುವೆ ಕಟ್ಟಿದ ಬಲೆಯ ಜೋಲಿ. ಪರಿಮಳಾಳ ಕಣ್ಣು ಆ ನೀರಿನ ಅಂಚಿನಲ್ಲೇ ಸಿಕ್ಕಿಹಾಕಿಕೊಂಡಿತು. ಬಸ್ಸಮ್ಮ ಮಾತ್ರ ಒಂದೊಂದು ಹಾಳೆಯನ್ನೂ ಬೆಳಕಿಗೆ ಹಿಡಿದು, ತಿರುಗಿಸಿ, ಹಿಂಬದಿಯನ್ನೂ ನೋಡಿದಳು.

"ಮಂದಿ ಎಲ್ಲಿ ಹೋಗ್ಯಾರ?"

"ಮಂದಿ ಇಲ್ಲ ಯವ್ವ. ಅದಕ್ಕೇ ಇದು ಚಲೋ ಜಾಗ."

"ದನ? ನಾಯಿ?"

"ಏನೂ ಇಲ್ಲ. ನಾ ಹೇಳ್ಲಿಲ್ಲೇನು, ಪೂರಾ ಶಾಂತ."

ಬಸ್ಸಮ್ಮ ಜೋಲಿಯ ಮೇಲೆ ಬೆರಳಿಟ್ಟಳು. "ತೊಟ್ಲ ಸೈತ ಬಿಟ್ಟು ಓಡ್ಯಾರ" ಎಂದು ಎದ್ದು ಹೋದಳು.

ಗುರುವಾರ ಸಂಜೆ ಅತ್ತೆ-ಸೊಸೆ ರೊಟ್ಟಿ ಮಾಡುತ್ತಿದ್ದರು. ಪರಿಮಳಾ ತಟ್ಟುವುದು, ಬಸ್ಸಮ್ಮ ಬೇಯಿಸುವುದು. ಪರಿಮಳಾ ಸುತ್ತಿ ಬಳಸಿ ಮಾತಾಡುವವಳಲ್ಲ. "ಅತ್ತಿ, ನೀವು ಖರೇನ ಯಾತಕ್ಕ ಬ್ಯಾಡ ಅನ್ನಾಕತ್ತೀರಿ? ನೀರಿಗೆ ಅಂಜಿಕೇನು?" ಎಂದಳು.

"ನೀರಿಗೆ ಯಾಕ ಅಂಜಲಿ? ನೀರಿನ ಸಪ್ಪಳ ಕೇಳಕೋತ ಬೆಳದಾಕಿ." ಬಸ್ಸಮ್ಮ ರೊಟ್ಟಿ ಮಗುಚಿ ಹಾಕಿದಳು. "ನಾ ಆಗ ಒಂಬತ್ತು ವರ್ಷದಾಕಿ. ಹೊಳಿ ಏರಿತ್ತು. ಮೊದಲ ಕುರಿ ದಾಟಿಸಿದ್ರು. ಆಮ್ಯಾಲ ಬಾಣಂತ್ಯಾರು, ಮುದುಕರು. ನಾನು ನಮ್ಮವ್ವ ಕಡೀ ಹರಗೋಲಿಗೆ. ಕಾಯಕೋತ ಕುಂತೀವಿ. ಹೊಳ್ಳಿ ಊರ ಕಡಿ ನೋಡ್ತೀನಿ, ಒಂದು ಕೋಳಿ ಕೂಗವಲ್ದು. ಒಬ್ಬಾಕಿ ಒಬ್ಬಾಕಿಗೆ ಬೈಯವಲ್ಲಳು. ದಿನಾ ಗಜಿಬಿಜಿ ಅನ್ನೂ ಊರು, ಸುಮ್ಮ ಅಂದ್ರ ಸುಮ್ಮ. ಹೊಳಿಗೆ ಅಂಜಿಲ್ಲ ಬೇ ನಾನು, ಅದಕ್ಕ ಅಂಜಿದೆ. ಗಡ್ಡಿ ಸುಮ್ಮ ಆತಂದ್ರ ಅಲ್ಲಿ ಇರಬಾರ್ದು."

ತವೆಯ ಮೇಲಿನ ರೊಟ್ಟಿ ಉಬ್ಬಿತು. ಪರಿಮಳಾ ಕೈಯಲ್ಲಿದ್ದ ಹಿಟ್ಟನ್ನು ಕೆಳಗಿಟ್ಟಳು.

"ಇದನ್ನ ನಿಮ್ಮ ಮಗಗ ಹೇಳಬೇಕಿಲ್ರಿ?"

"ಹೇಳಿದ್ರ ಟೈಪ್ ಮಾಡಿ ನಂಬರ್ ಹಾಕ್ತಾನ. ನೀನೂ ಹೇಳಬ್ಯಾಡ. ಆಣಿ ಅದ."

ಮುಂದಿನ ರೊಟ್ಟಿ ತವೆಗೆ ಹಾಕುತ್ತ ಬಸ್ಸಮ್ಮನೇ ಕೇಳಿದಳು, "ನೀ ಯಾಕ ಅಷ್ಟು ಹಟ ಹಿಡದಿ?"

ಪರಿಮಳಾ ನೀಲಿ ಸೀಮೆಸುಣ್ಣದ ಕಥೆ ಹೇಳಿದಳು. ಹೇಳುತ್ತ ಅದು ಇಷ್ಟೇ ಇಷ್ಟು ಸಣ್ಣ ಮಾತು ಎನಿಸಿ ನಾಚಿಕೆಯಾಯಿತು. ಬಸ್ಸಮ್ಮ ಕಿವಿಗೊಟ್ಟು ಕೇಳಿದಳು.

"ಸುತ್ತ ನೀರು ಅಂತ ಕಲಸ್ತಿ. ನಡುವ ಏನಿರ್ತದ ಅಂತ ಕಲಸೂದಿಲ್ಲೇನು?"

"ಪುಸ್ತಕದಾಗ ಅಷ್ಟೇ ಅದ್ರಿ."

"ಗಡ್ಡ್ಯಾಗ ಹುಟ್ಟಿದಾಕಿನ ಕೇಳಿ ಬರೀಬೇಕಿತ್ತು ಅವರು" ಎಂದು ಬಸ್ಸಮ್ಮ ರೊಟ್ಟಿ ಇಳಿಸಿದಳು.

ಆಣೆ ಇದ್ದುದರಿಂದ ಪರಿಮಳಾ ಗಂಡನಿಗೆ ಕಾರಣ ಹೇಳುವಂತಿರಲಿಲ್ಲ. "ಶಾಂತ ಶಾಂತ ಅನ್ನೂದು ಬಿಡ್ರಿ ಜರಾ" ಎಂದಷ್ಟೇ ಹೇಳಿದಳು. ಸುನೀಲಕುಮಾರ ಅದನ್ನು ತನ್ನ ರೀತಿಯಲ್ಲೇ ಅರ್ಥಮಾಡಿಕೊಂಡ. ಬರೆದರೆ ಸಾಲದು, ತೋರಿಸಬೇಕು ಎಂದುಕೊಂಡು, ಶುಕ್ರವಾರ ತಾಯಿಗೆ "ನೆನಪೋಲೆ-1" ಕೊಟ್ಟ. ಶನಿವಾರ ಸಂಜೆ ಐದಕ್ಕೆ ಶೆಫಾಲಿಯೊಂದಿಗೆ ವಿಡಿಯೊ ಕರೆ ಗೊತ್ತುಮಾಡಿದ. ಮುದುಕಿಯೊಬ್ಬಳು ನೋಡುತ್ತಾಳೆ, ನಿಮ್ಮ ಜಾಗ ಎಷ್ಟು ಶಾಂತವಾಗಿದೆ ಎಂದು ಆಕೆಗೆ ಮನವರಿಕೆ ಆಗಬೇಕು ಎಂದು ಮೊದಲೇ ಸಂದೇಶ ಕಳಿಸಿದ್ದ. ಅದರ ಒಂದು ಪ್ರತಿ ಕಡತದಲ್ಲಿತ್ತು.

ಶೆಫಾಲಿ ತಯಾರಾಗಿಯೇ ಇದ್ದಳು. ಮೂವತ್ತೈದರ ಆಸುಪಾಸಿನ ದುಂಡುಮುಖದ ಹೆಂಗಸು, ಇಸ್ತ್ರಿ ಮಾಡಿದ ಸೀರೆ. ಮೊಬೈಲನ್ನು ನಿಧಾನವಾಗಿ ತಿರುಗಿಸಿ ಅಂಗಳ ತೋರಿಸಿದಳು. ಗುಡಿಸಿದ ನೆಲ. ಮುಚ್ಚಿದ ಬಾಗಿಲು. ಖಾಲಿ ಬೆಂಚು. ಆಚೆ ಖಾಲಿ ದಾರಿ. ಒಂದು ಎಲೆಯೂ ಅಲುಗಲಿಲ್ಲ. ಅವಳು ಹಿಂದಿಯಲ್ಲಿ, ದವಾಖಾನೆಯಲ್ಲಿ ಮಾತಾಡಿದಂತೆ ಪಿಸುದನಿಯಲ್ಲಿ, "ನೋಡಿ, ಇಲ್ಲಿ ಯಾವಾಗಲೂ ಹೀಗೇ, ಯಾರೂ ಇರುವುದಿಲ್ಲ" ಎಂದಳು.

ಬಸ್ಸಮ್ಮ ಮೊಬೈಲಿಗೆ ಕಣ್ಣು ಹತ್ತಿರ ತಂದಳು. "ಈಕಿ ಯಾಕ ಪಿಸುಗುಡಾಕತ್ತಾಳ?"

"ಶಾಂತ ಕೆಡಬಾರ್ದು ಅಂತ, ಯವ್ವ."

"ಏನೋ ಆಗ್ಯಾದಪಾ ಅಲ್ಲಿ. ಪಾಪ, ಒಬ್ಬಾಕಿನ್ನೇ ಬಿಟ್ಟು ಹೋಗ್ಯಾರ. ಆಕೀಗೆ ಈ ಕಡಿ ಬಂದುಬಿಡು ಅಂತ ಹೇಳು" ಎಂದವಳೇ ಎದ್ದು, ಸೆರಗು ಝಾಡಿಸಿ, ಹೊರಗೆ ಹೋಗಿಬಿಟ್ಟಳು.

ಕರೆ ಮುಗಿಯಿತು. ಸುನೀಲಕುಮಾರ ಬರೆದ: "ಸಾಕಷ್ಟು ಅವಕಾಶ ನೀಡಿದಾಗ್ಯೂ ಶ್ರೀಮತಿ ಬಸ್ಸಮ್ಮ ಇವರ ಒಪ್ಪಿಗೆ ಸ್ವೀಕೃತವಾಗಿಲ್ಲ. ನಾಳೆ ಸಂಜೆ ಆರಕ್ಕೆ ಕಡತ ಮುಕ್ತಾಯಗೊಳಿಸಬಹುದು." ಓದಿ ಹೇಳುವಾಗ ಅವನ ದನಿ ಕಚೇರಿಯ ದನಿಯಾಗಿರಲಿಲ್ಲ. ಪರಿಮಳಾ ಆಗಲಿ ಎಂದು ತಲೆಯಾಡಿಸಿ, ಮಕ್ಕಳ ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದಲು ಕೂತಳು. ಒಬ್ಬ ಹುಡುಗ "ನಾಲ್ಕೂ ಕಡೆ ನೀರು ಇದ್ದರೆ ಜನ ಬಹಳ ಚೀರುತ್ತಾರೆ" ಎಂದು ಬರೆದಿದ್ದ. ಅವಳು ತಪ್ಪೆಂದು ಹಾಕಲು ಹೋದವಳು ಕೆಂಪು ಪೆನ್ನನ್ನು ಹಾಗೇ ಎತ್ತಿ ಹಿಡಿದಳು.

ಭಾನುವಾರ ನಾಲ್ಕೂವರೆಗೆ ಅವಳು ಕಡತ ತೆಗೆದು ಏಳರಿಂದ ಹನ್ನೆರಡನೇ ಪುಟದವರೆಗೆ ಓದಿದಳು. ಶೆಫಾಲಿಯ ಮನೆಯಲ್ಲಿ ಉಳಿದು ಬಂದವರು ಅಂತರ್ಜಾಲದಲ್ಲಿ ಬರೆದ ಅಭಿಪ್ರಾಯಗಳು, ಎಲ್ಲವೂ ಐದು ನಕ್ಷತ್ರದವು. ಎಲ್ಲವೂ ಶಾಂತ, ಪ್ರಶಾಂತ, ನಿಶ್ಶಬ್ದ. ಆದರೆ ಮೇಲ್ಗಡೆ "ಒಟ್ಟು ಅಭಿಪ್ರಾಯಗಳು ನಲವತ್ತಮೂರು" ಎಂದಿತ್ತು. ಕಡತದಲ್ಲಿ ಇದ್ದದ್ದು ಮೂವತ್ತೊಂಬತ್ತು. ಅವಳು ಎರಡು ಸಲ ಎಣಿಸಿದಳು.

"ಉಳಿದ ನಾಕು ಎಲ್ಲಿ ಅವ್ರಿ?"

ಸುನೀಲಕುಮಾರ ಕನ್ನಡಕ ಒರೆಸಿದ. "ಅವು ಪ್ರತಿಕೂಲ ಇದ್ವು. ಕಡಿಮಿ ಅಂತ ಸೇರಿಸಿಲ್ಲ."

ಪರಿಮಳಾ ಮೊಬೈಲ್ ಹಿಡಿದು ಅಂಗಳಕ್ಕೆ ಹೋದಳು. ಬಸ್ಸಮ್ಮ ಬೇವಿನ ನೆರಳಲ್ಲಿ ಕೂತು ಮೊರದಲ್ಲಿ ಹೊಸ ತೊಗರಿಬೇಳೆ ಆರಿಸುತ್ತಿದ್ದಳು. ಪಕ್ಕದ ಹೊರಸಿನ ಮೇಲೆ ಅಂಬ್ರಪ್ಪ ಮಲಗಿದ್ದ.

"ಅತ್ತಿ, ಆ ಗಡ್ಡಿಗೆ ಹೋಗಿ ಬಂದೋರು ಬೈದು ಬರದಾರ. ಓದಿ ಹೇಳ್ಲೇನ್ರಿ?"

"ಓದು. ಹೊಗಳಿದ್ದು ಕೇಳಿ ಕಿವಿ ತೂತು ಬಿದ್ದಾವ."

ಪರಿಮಳಾ ಓದಿ ಓದಿ ಕನ್ನಡಕ್ಕೆ ತಿರುಗಿಸಿ ಹೇಳಿದಳು. "ಮೊದಲನೇದು. ಒಂದೇ ನಕ್ಷತ್ರ. 'ಇಲ್ಲಿ ನಿದ್ದೆ ಮಾಡಲು ಸಾಧ್ಯವಿಲ್ಲ. ನಸುಕಿನಲ್ಲಿ ನಾಲ್ಕಕ್ಕೇ ಕೋಳಿ ಕೂಗುತ್ತದೆ. ಒಂದು ಕೋಳಿಯಲ್ಲ. ಮಾಲಕಿಗೆ ಹೇಳಿದರೆ, ಬೆಳಗಾಯಿತಲ್ಲ ಎನ್ನುತ್ತಾರೆ.'"

ಬಸ್ಸಮ್ಮನ ಕೈ ಮೊರದಲ್ಲಿ ನಿಂತಿತು.

"ಎರಡನೇದು. 'ಮನೆಯಲ್ಲಿ ಒಂದು ಆಡು ಇದೆ. ಅದನ್ನು ಕಟ್ಟುವುದಿಲ್ಲ. ನನ್ನ ಹುಲ್ಲಿನ ಟೋಪಿಯನ್ನು ತಿಂದಿತು. ದೂರು ಕೊಟ್ಟಾಗ ಟೋಪಿ ಎಷ್ಟು ದಿನದ್ದು ಎಂದು ಕೇಳಿದರು.'"

"ಹಳೇ ಹುಲ್ಲು ತಿಂದ್ರ ಹೊಟ್ಟಿ ನೋಯ್ತದ ಅಂತ ಕೇಳಿರ್ಬೇಕು" ಎಂದಳು ಬಸ್ಸಮ್ಮ. "ಮುಂದ?"

"'ಪಕ್ಕದ ಮನೆಯ ಹೆಂಗಸರು ನೀರಿನ ಪೈಪಿಗಾಗಿ ದಿನವೂ ಜಗಳವಾಡುತ್ತಾರೆ. ನನಗೆ ಅವರ ಭಾಷೆ ಬರುವುದಿಲ್ಲ, ಆದರೂ ಎಲ್ಲವೂ ತಿಳಿಯುತ್ತದೆ.'"

ಬಸ್ಸಮ್ಮ ಕಿಸಕ್ಕನೆ ನಕ್ಕಳು. ಬೇಳೆ ನಾಲ್ಕು ಕಾಳು ಹೊರಗೆ ಹಾರಿದವು.

"ಕಡೀದು. 'ಮಾಲಕಿಯ ಅತ್ತೆ ಹೋಗುವಾಗ ಬರುವಾಗ ಊಟ ಆಯಿತೇ ಎಂದು ಕೇಳುತ್ತಾರೆ. ನಾಲ್ಕು ದಿನದಲ್ಲಿ ಮೂವತ್ತು ಸಲ. ಖಾಸಗಿತನ ಇಲ್ಲ.'"

"ಆಕೀಗೆ ಅತ್ತಿ ಇದ್ದಾಳೇನು!" ಬಸ್ಸಮ್ಮ ಮೊರ ಕೆಳಗಿಟ್ಟಳು. "ನಿನ್ನೆ ಎಲ್ಲಿ ಮುಚ್ಚಿಟ್ಟಿದ್ರು ಆಕಿನ್ನ? ಸುನೀಲಾ! ಬಾ ಇಲ್ಲಿ."

ಸುನೀಲಕುಮಾರ ಬಂದು ಬಾಗಿಲಲ್ಲಿ ನಿಂತ.

"ಕೋಳಿ ಅದ, ಆಡು ಅದ, ಜಗಳ ಅದ, ಮುದುಕಿ ಅದಾಳ. ನಿನ್ನ ಕಡತದಾಗ ಯಾಕ ಇಲ್ಲ ಇವು?"

"ಅವು ದೂರು ಯವ್ವ! ಕೆಟ್ಟ ಅಭಿಪ್ರಾಯ!"

"ಸಂಘದಾಗ ಹಿಂಗ ನಾಕು ಕಾಗದ ಮುಚ್ಚಿಟ್ಟಿದ್ರ ಖಜಾಂಚಿ ಸಾಬೇರಾ ನನ್ನ ಕುರ್ಚಿ ಬಿಡಿಸ್ತಿದ್ಳು. ಫೋನ್ ಹಚ್ಚು ಆಕೀಗೆ. ನೀ ದೂರ ನಿಲ್ಲು."

ಗಂಟೆ ಐದೂಕಾಲು. ಅಲ್ಲಿ ಆಗಲೇ ಹೊತ್ತು ಮುಳುಗುವ ಸಮಯ. ಶೆಫಾಲಿ ಕರೆ ಎತ್ತಿದಳು. ಈ ಸಲ ಮೊದಲೇ ಹೇಳಿರಲಿಲ್ಲ, ಇಸ್ತ್ರಿ ಸೀರೆಯೂ ಇರಲಿಲ್ಲ. ಕೊರಳಿಗೆ ಟವೆಲ್, ಕೈಯಲ್ಲಿ ಸೌಟು, ಹಿಂದೆ ಮಿಕ್ಸರಿನ ಆರ್ಭಟ. ಯಾರೋ ಕೂಗುತ್ತಿದ್ದರು, ಯಾರೋ ಅದಕ್ಕೆ ಉತ್ತರ ಕೂಗುತ್ತಿದ್ದರು. ಅವಳು ಗಾಬರಿಯಾಗಿ, "ಒಂದು ನಿಮಿಷ, ಎಲ್ಲ ನಿಲ್ಲಿಸುತ್ತೇನೆ" ಎಂದು ಹಿಂದಿಯಲ್ಲಿ ಹೇಳಿದಳು.

"ನಕ್ಕೊ ನಕ್ಕೊ!" ಎಂದಳು ಬಸ್ಸಮ್ಮ. ಶಹಾಪುರದ ಸಂತೆಯಲ್ಲಿ ನಲವತ್ತು ವರ್ಷ ಬಳಸಿದ ದಖನಿ ಅವಳದು. "ಚಲ್ನೇ ದೇ. ಬಕರೀ ಕಿಧರ್?"

ಬೇಡ ಬೇಡ, ನಡೆಯಲಿ ಎಂದದ್ದು ಸರಿ, ಆದರೆ ಆಡು ಎಲ್ಲಿ ಎಂಬ ಪ್ರಶ್ನೆಗೆ ಶೆಫಾಲಿಯ ಮುಖ ಇಳಿಯಿತು. ಟೋಪಿಯ ಪ್ರಕರಣ ಈ ಊರಿನ ತನಕ ಮುಟ್ಟಿದೆ ಎಂದು ತಿಳಿದು ಕ್ಷಮೆ ಕೇಳಲು ಶುರುಮಾಡಿದಳು. ಆ ಟೋಪಿಯ ದೂರು ಬಂದಾಗಿನಿಂದ ಅತಿಥಿಗಳು ಬರುವ ದಿನ ಆಡನ್ನು ತಂಗಿಯ ಮನೆಯಲ್ಲಿ ಕಟ್ಟುತ್ತೇವೆ, ಕೋಳಿಗಳನ್ನು ದೂರದ ಗೂಡಿಗೆ ಹಾಕುತ್ತೇವೆ, ಅತ್ತೆಗೂ ಒಳಗೇ ಇರಲು ಹೇಳಿದ್ದೇವೆ ಎಂದಳು. ಪರಿಮಳಾ ಅದನ್ನು ಕನ್ನಡದಲ್ಲಿ ಹೇಳಿದಾಗ ಬಸ್ಸಮ್ಮನಿಗೆ ನಿಜವಾಗಿಯೂ ಸಿಟ್ಟು ಬಂತು.

"ಅತ್ತಿನ್ನ ಒಳಗ ಹಾಕ್ಯಾರಂತೇನು? ಕರಿ ಅನ್ನು ಆಕಿನ್ನ."

ಕರೆಯುವ ಅಗತ್ಯ ಬೀಳಲಿಲ್ಲ. ಸೌಟಿನ ಹಿಂದಿನಿಂದ ಹಲ್ಲಿಲ್ಲದ ಮುಖವೊಂದು ತೆರೆಯ ತುಂಬ ಬಂದು ಏನೋ ಕೇಳಿತು. ಭಾಷೆ ಯಾರಿಗೂ ತಿಳಿಯಲಿಲ್ಲ. ಬಸ್ಸಮ್ಮ ಮಾತ್ರ ತಡವಿಲ್ಲದೆ, "ಆಯ್ತು, ಆಯ್ತು. ನಿಂದಾತೇನು?" ಎಂದಳು. ಇಬ್ಬರೂ ತಲೆಯಾಡಿಸಿದರು. ಅಷ್ಟರಲ್ಲಿ ಆಡು ತಾನಾಗಿಯೇ ಬಂತು. ಕಪ್ಪು ಮೈ, ಬಿಳಿ ಕಿವಿ, ಬಾಯಲ್ಲಿ ಯಾರದೋ ಚೀಲದ ಹಿಡಿಕೆ.

"ಕ್ಯಾ ಹೋನಾ ತುಮ್ಕು?" ಎಂದು ಬಸ್ಸಮ್ಮ ದಂಡೆಯಿಂದ ಕೂಗಿದಂತೆ ಕೂಗಿದಳು. ನಿಮಗೇನು ಬೇಕು, ಅಲ್ಲಿ ಏನು ಸಿಗವಲ್ದು?

ಅಲ್ಲಿಗೆ ಬರುವವರು ಬಿಸಿನೀರು ಇದೆಯೇ, ಫ್ಯಾನ್ ಇದೆಯೇ, ದರ ಇಳಿಸುತ್ತೀರಾ ಎಂದು ಕೇಳಿದ್ದುಂಟು. ಇದನ್ನು ಯಾರೂ ಕೇಳಿರಲಿಲ್ಲ. ಶೆಫಾಲಿ ಸೌಟು ಕೆಳಗಿಟ್ಟು ಯೋಚಿಸಿದಳು. ತರಕಾರಿ ನಾವೇ ಬೆಳೆಯುತ್ತೇವೆ, ಮೀನು ಇದೆ. ಬೇಳೆ ಮಾತ್ರ ಹಡಗಿನಲ್ಲಿ ಬರಬೇಕು, ಹಳೆಯದು ಬರುತ್ತದೆ, 'ಅರ್ಹರ್' ಬೇಳೆ ಒಳ್ಳೆಯದು ಸಿಕ್ಕರೆ, ಎಂದು ಸಂಕೋಚದಿಂದ ಹೇಳಿದಳು.

"ಏನಂತ?"

"ತೊಗರಿಬ್ಯಾಳಿ ಅಂತ್ರಿ" ಎಂದಳು ಪರಿಮಳಾ.

ಬಸ್ಸಮ್ಮ ಮುಂದಿದ್ದ ಮೊರವನ್ನು ಎರಡೂ ಕೈಯಿಂದ ಎತ್ತಿ ಮೊಬೈಲಿಗೆ ತೋರಿಸಿದಳು. ಆ ಕಡೆ ಅತ್ತೆ-ಸೊಸೆ ಇಬ್ಬರೂ ಒಮ್ಮೆಲೇ ಮಾತಾಡಲು ಶುರುಮಾಡಿದರು.

"ಸುನೀಲಾ, ಕಡತ ತಾ."

ಸುನೀಲಕುಮಾರ ಓಡಿಯೇ ತಂದ. ಗಂಟೆ ಐದೂ ಐವತ್ತು. ಬಸ್ಸಮ್ಮ ಕಾಲು ಚಾಚಿ, ಕಡತವನ್ನು ಮೊರದ ಮೇಲಿಟ್ಟು, ಒಂದೊಂದು ಅಕ್ಷರವನ್ನೂ ಬೇರೆ ಬೇರೆಯಾಗಿ ನಿಲ್ಲಿಸಿ ಬರೆದಳು: "ಒಪ್ಪಿದೆ. ಆಡು ಕಟ್ಟಬಾರದು." ಕೆಳಗೆ ಸಹಿ.

"ಇದು ಷರತ್ತಾತು ಯವ್ವ" ಎಂದ ಮಗ. "ಮಾಲಕೀದೂ ಒಪ್ಪಿಗಿ ಬೇಕು."

"ಕೇಳು. ಅಲ್ಲೇ ಅದಾಳ."

ಪರಿಮಳಾ ಕೇಳಿದಳು. ಶೆಫಾಲಿಗೆ ಅರ್ಥವಾಗಲು ಎರಡು ಸಲ ಹೇಳಬೇಕಾಯಿತು; ಅರ್ಥವಾದ ಮೇಲೆ ಅವಳು ಹಿಂದೆ ತಿರುಗಿ ಏನೋ ಕೂಗಿದಳು, ದೂರದಲ್ಲಿ ಕೋಳಿ ಗೂಡಿನ ಬಾಗಿಲು ತೆರೆದ ಸದ್ದಾಯಿತು. ಸುನೀಲಕುಮಾರ ನಿನ್ನೆಯ ಮುಕ್ತಾಯದ ಟಿಪ್ಪಣಿಯ ಮೇಲೆ ಅಡ್ಡಗೆರೆ ಎಳೆದ. ನಾಲ್ಕು ಕೆಟ್ಟ ಅಭಿಪ್ರಾಯಗಳನ್ನೂ ಮುದ್ರಿಸಿ ಸೇರಿಸಲು ಪುಟಸಂಖ್ಯೆ ಬಿಟ್ಟ. ಆಮೇಲೆ ಅವನಿಗೆ ಹೊಳೆಯಿತು: "ಯವ್ವ, ಬ್ಯಾಳಿ ಎಷ್ಟು? ವಿಮಾನದಾಗ ಒಬ್ಬರಿಗೆ ಹದಿನೈದು ಕಿಲೋ ಅಷ್ಟೇ."

"ನಿಮ್ಮ ಅಂಗಿ ಅರಬಿ ಕಡಿಮಿ ಒಯ್ಯಿರಿ."

ಅಂಬ್ರಪ್ಪ ಹೊರಸಿನ ಮೇಲೆ ಎದ್ದು ಕೂತ. ಎಲ್ಲವನ್ನೂ ಕೇಳುತ್ತಲೇ ಮಲಗಿದ್ದನೋ, ಈಗಷ್ಟೇ ಎಚ್ಚರವಾಯಿತೋ ತಿಳಿಯಲಿಲ್ಲ. "ಎಂಟು ದಿನ ಆತು ಕಡತ ತಿರುಗಾಕತ್ತಿ. ನನಗ ಈಜು ಬರ್ತದೋ ಇಲ್ಲೋ ಅಂತ ಒಬ್ಬರರ ಕೇಳೀರೇನು?"

"ಮುತ್ಯಾ, ನೀನು ಆಗಲೇ ಸಹಿ ಹಾಕೀದಿ" ಎಂದಳು ಪಂಚಶೀಲಾ ಒಳಗಿನಿಂದ.

"ಅದೂ ಹಸರು ಪೆನ್ನಿನಾಗ" ಎಂದಳು ಬಸ್ಸಮ್ಮ.

ಪರಿಮಳಾ ನಗುತ್ತಲೇ ಮೊಬೈಲ್ ಎತ್ತಿಕೊಂಡಳು. ಶೆಫಾಲಿ ಕರೆ ಕತ್ತರಿಸುವುದನ್ನು ಮರೆತು ಅದನ್ನು ಎಲ್ಲಿಯೋ ಒರಗಿಸಿಟ್ಟು ಹೋಗಿದ್ದಳು. ತೆರೆಯ ಮೇಲೆ ಬರೀ ಕತ್ತಲೆಯಾಗುತ್ತಿರುವ ಆಕಾಶದ ಒಂದು ತುಂಡು. ಪೈಪಿನ ಜಗಳ ಶುರುವಾಗಿತ್ತು, ಆಡು ಒದರುತ್ತಿತ್ತು, ಮುದುಕಿ ಯಾರನ್ನೋ ಊಟಕ್ಕೆ ಕರೆಯುತ್ತಿದ್ದಳು. ಅದೆಲ್ಲದರ ಕೆಳಗೆ, ಬಿಟ್ಟು ಬಿಟ್ಟು, ಯಾರೋ ದೊಡ್ಡ ಮೊರದಲ್ಲಿ ಕಾಳು ಕೇರಿದಂಥ ಸದ್ದೊಂದಿತ್ತು. ಅದು ಸಮುದ್ರ ಎಂದು ತಿಳಿಯಲು ಅವಳಿಗೆ ಒಂದು ಗಳಿಗೆ ಬೇಕಾಯಿತು.

ಕರೆ ಕತ್ತರಿಸಲು ಅವಳು ಬೆರಳು ಮುಂದೆ ಮಾಡಿದಳು.

"ಇರಲಿ ಬಿಡು" ಎಂದು ಬಸ್ಸಮ್ಮ ಮತ್ತೆ ಬೇಳೆ ಆರಿಸತೊಡಗಿದಳು. "ಕೇಳಾಕತ್ತೀನಿ."